ಜೂನ್ ಒಂದರಂದು ಹುಟ್ಟಿದವರು

ನಾನು ನಿವೃತ್ತಳಾದ ದಿನ ಕಚೇರಿಗೆ ನಾಲ್ಕು ಹಾರ ತರಿಸಿದ್ದರು. ನನ್ನ ಜೊತೆ ಒಬ್ಬ ಡ್ರೈವರ್, ಒಬ್ಬ ಕಾಂಪೌಂಡರ್, ಇನ್ನೊಬ್ಬ ಗುಮಾಸ್ತ ಕೂಡ ಅಂದೇ ಮನೆಗೆ ಹೊರಟವರು. ಅಂದು ಮೇ ತಿಂಗಳ ಕೊನೆಯ ದಿನ. ದಾಖಲೆಯ ಪ್ರಕಾರ ನಾವು ನಾಲ್ವರೂ ಜೂನ್ ಒಂದರಂದು ಹುಟ್ಟಿದವರು. ನಮ್ಮ ತಾಯಂದಿರು ಮಾತಾಡಿಕೊಂಡು ಒಂದೇ ದಿನ ಹೆತ್ತಿರಲಿಲ್ಲ, ಬಿಡಿ. ಕೂಟಗಲ್ಲಿನ ಶಾಲೆಗೆ ನನ್ನನ್ನು ಸೇರಿಸಲು ಹೋದಾಗ ಮೇಷ್ಟ್ರು ಹುಟ್ಟಿದ ತಾರೀಕು ಕೇಳಿದರೆ ನಮ್ಮವ್ವ, ‘ಕಣದಲ್ಲಿ ರಾಗಿ ಬಡೀತಿದ್ವಲ್ಲ, ಆವಾಗ ಕಣ್ ಸ್ವಾಮಿ’ ಅಂದಳಂತೆ. ಮೇಷ್ಟ್ರು ಬೆರಳು ಮಡಚಿ ಎಣಿಸಿ, ಶಾಲೆಗೆ ಸೇರುವ ವಯಸ್ಸಿಗೆ ಸರಿಹೋಗುವ ಹಾಗೆ ಜೂನ್ ಒಂದು ಎಂದು ಬರೆದುಬಿಟ್ಟರು. ನನ್ನ ಹಿಂದೆ ನಿಂತಿದ್ದ ಮಕ್ಕಳಿಗೂ ಅದೇ ಬರೆದರು. ನಮ್ಮ ಕಡೆ ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ.

ಇದನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ನನ್ನ ನೌಕರಿಯ ಅತಿ ದೊಡ್ಡ ತಪ್ಪಿನ ಬೇರು ಇಲ್ಲೇ ಇದೆ. ಆ ತಪ್ಪನ್ನು ಬರೆದುಕೊಡಿ ಎಂದು ಕೇಳಿದವಳು ನಸ್ರೀನ್. ಚನ್ನಪಟ್ಟಣದ ಹುಡುಗಿ, ನನ್ನ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವಳು. ಮೊನ್ನೆ ಬಂದು, ‘ಗಿರಿಜಕ್ಕ, ಹೊಸಬ್ರು ಆರು ಜನ ಸೇರ್ಕೊಂಡವ್ರೆ. ಎಲ್ರೂ ಕಂಪ್ಯೂಟರ್ ಚೆನ್ನಾಗಿ ಬಲ್ರು. ಆದ್ರೆ ಕೆಲ್ಸ ಏನು ಅಂತ ಗೊತ್ತಿಲ್ಲ. ನೀವು ಒಸಿ ಬರ್ಕೊಡಿ’ ಎಂದಳು. ಬಡ್ತಿ ಬಗ್ಗೆ ಬರೆಯಲೇ ಎಂದೆ. ‘ನಿಮ್ಗೆ ಸಿಕ್ಕಿದ್ದೇ ಒಂದು, ಅದನ್ನೇನು ಬರೀತೀರಿ’ ಅಂದಳು! ಬಾಯಿ ಜೋರು, ನನ್ನ ಶಿಷ್ಯೆ ತಾನೇ.

ಮೊದಲಿಗೆ ನಾನು ಬೆಂಗಳೂರಿನ ಒಂದು ಮಿಲಿಟರಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ಸೈನಿಕಳಲ್ಲ, ಸೀರೆ ಉಟ್ಟ ಸಿವಿಲಿಯನ್. ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ದಾರ ಕಟ್ಟಿದ ಕಡತಗಳು, ಏಣಿ ಹತ್ತಿ ಇಳಿಯುವುದೇ ಕೆಲಸ. ಆಮೇಲೆ ಕರ್ನಲ್ ಪಾಟೀಲರು ಬಂದರು. ಧಾರವಾಡದ ಕಡೆಯ ಮನೋವೈದ್ಯರು, ದಪ್ಪ ಮೀಸೆ, ಅದಕ್ಕಿಂತ ದಪ್ಪ ನಗು. ಸೈನಿಕರಲ್ಲಿ ಕೆಲವರು ತಮ್ಮ ಜೀವವನ್ನು ತಾವೇ ಕಳೆದುಕೊಳ್ಳುತ್ತಾರಲ್ಲ, ಅದಕ್ಕಿಂತ ಮುಂಚೆ ಅವರ ಆರೋಗ್ಯದ ದಾಖಲೆಗಳಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ, ಯಾರಿಗೆ ಯಾವಾಗ ಕೈ ಚಾಚಬೇಕು ಎಂಬುದು ಅವರ ಅಧ್ಯಯನ. ಅದಕ್ಕಾಗಿ ಹತ್ತಾರು ಕಚೇರಿಗಳಿಂದ ದಾಖಲೆ ಬರುತ್ತಿತ್ತು. ಆಸ್ಪತ್ರೆಯ ಭೇಟಿ, ಔಷಧಿ, ರಜೆ, ವರ್ಗಾವಣೆ, ಕೊನೆಗೆ ಮರಣದ ಪಟ್ಟಿ. ಎಲ್ಲವನ್ನೂ ಒಂದು ಕಡೆ ಕೂಡಿಸಬೇಕು. ಬೆಂಗಳೂರಿನಲ್ಲಿ ಜಾಗ ಸಿಗದೆ ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದೆ ಒಂದು ಕಟ್ಟಡ ಬಾಡಿಗೆಗೆ ಹಿಡಿದರು. ಕಿಟಕಿ ತೆಗೆದರೆ ರೇಷ್ಮೆ ಗೂಡಿನ ವಾಸನೆ. ಸಾಹೇಬರು ಒಂದು ತಿಂಗಳು ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದರು, ನಾನು ಮಾತ್ರ ಮನೆಯಿಂದ ನಡೆದುಕೊಂಡೇ ಕೆಲಸಕ್ಕೆ ಹೋಗುವ ಭಾಗ್ಯವಂತೆಯಾದೆ.

ಈ ಕೆಲಸದ ಹೆಸರು ಹೇಳಿದರೆ ಸಾಕು, ಜನ ಮುಖ ಸಣ್ಣದು ಮಾಡಿಕೊಂಡು, ‘ಅಯ್ಯೋ, ದಿನಾ ಅಂಥದ್ದನ್ನೇ ಓದ್ತಿದ್ರಾ?’ ಎನ್ನುತ್ತಾರೆ. ಓದುತ್ತಿದ್ದೆವು. ಕೆಲವು ದಿನ ಊಟದ ಡಬ್ಬಿ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಆದರೂ ನಿಜ ಹೇಳುತ್ತೇನೆ, ನಾನು ಅಷ್ಟು ನಕ್ಕ ಕಚೇರಿ ಇನ್ನೊಂದಿಲ್ಲ. ಮುಖ ಗಂಟು ಹಾಕಿಕೊಂಡವರಿಗೆ ಈ ಕೆಲಸ ಆಗುವುದಿಲ್ಲ. ಬದುಕಿನ ಮೇಲೆ ಆಸೆ ಇರುವವರೇ ಇದನ್ನು ಮಾಡಬೇಕು ಎಂದು ಸಾಹೇಬರು ಹೇಳುತ್ತಿದ್ದರು, ಹೇಳಿ ನಮಗೆ ಮಂಡಕ್ಕಿಯ ಗಿರ್ಮಿಟ್ಟು ಕಲಸಿಕೊಡುತ್ತಿದ್ದರು.

ನನ್ನ ಮೊದಲ ಎಡವಟ್ಟು ಕೇಳಿ. ಹಳೇ ಕಡತಗಳನ್ನು ಕಂಪ್ಯೂಟರಿಗೆ ತುಂಬುವ ಕಾಲ. ಕಾಯಿಲೆಯ ಹೆಸರು ಎಂಬ ಕಡೆ ಡಾಕ್ಟರುಗಳು ಏನು ಗೀಚಿದ್ದರೋ ಅದನ್ನು ತುಂಬಬೇಕು. ಬಹಳ ಜನರ ಚೀಟಿಯಲ್ಲಿ ಎನ್.ಎ.ಡಿ. ಎಂಬ ಮೂರು ಅಕ್ಷರ ಇತ್ತು. ನಾನು ಶ್ರದ್ಧೆಯಿಂದ ಅದನ್ನೂ ತುಂಬುತ್ತಾ ಹೋದೆ. ಮೂರು ತಿಂಗಳ ಮೇಲೆ ಸಾಹೇಬರು ಪಟ್ಟಿ ಹಿಡಿದುಕೊಂಡು ಬಂದರು.

‘ಗಿರಿಜಮ್ಮನೋರ, ಇದು ಯಾವ ಜಡ್ಡರಿ? ನಮ್ಮ ಜವಾನರಿಗೆಲ್ಲಾ ಬಂದದಲ್ಲ!’

‘ಗೊತ್ತಿಲ್ಲ ಸಾರ್. ಯಾವುದೋ ಕೆಟ್ಟ ಕಾಯಿಲೆ ಇರಬೇಕು, ಹಿಮಾಲಯದಲ್ಲಿದ್ದವರಿಗೂ ಇದೆ, ಮರುಭೂಮಿಯಲ್ಲಿದ್ದವರಿಗೂ ಇದೆ.’

‘ಯವ್ವಾ! ಏನೂ ಜಡ್ಡಿಲ್ಲ ಅನ್ನೂದಕ್ಕ ಡಾಕ್ಟರು ಬರಿಯೂ ಮೂರು ಅಕ್ಷರ ರೀ ಅದು!’

ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು. ಅದನ್ನು ನೋಡಿ ತಾವೇ ಚಹಾ ತರಿಸಿ, ‘ತಿಳೀದಿದ್ದನ್ನ ಕೇಳ್ರಿ. ಕೇಳಿದ್ರ ಒಂದು ದಿನ ನಗತೀವಿ, ಕೇಳದಿದ್ರ ಮೂರು ತಿಂಗಳು’ ಎಂದರು. ಹೊಸಬರು ಇದನ್ನು ಗೋಡೆಗೆ ಬರೆದುಕೊಳ್ಳಬಹುದು.

ಇನ್ನು ದೊಡ್ಡ ತಪ್ಪಿನ ವಿಷಯ. ಸೈನಿಕನ ನಂಬರು ಗುಟ್ಟು. ಅಧ್ಯಯನಕ್ಕೆ ಬರುವ ಮೊದಲೇ ಅದನ್ನು ತೆಗೆದುಹಾಕಿರುತ್ತಾರೆ, ಯಾರ ಮಾನವೂ ಬೀದಿಗೆ ಬರಬಾರದು ಎಂದು. ಅದರ ಬದಲು ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಜಿಲ್ಲೆ, ಈ ನಾಲ್ಕನ್ನೂ ಒಟ್ಟಿಗೆ ಅರೆದು ಕಂಪ್ಯೂಟರ್ ಒಂದು ಸಂಕೇತ ಕೊಡುತ್ತಿತ್ತು. ಬೇರೆ ಬೇರೆ ಕಚೇರಿಯ ಕಡತಗಳಲ್ಲಿ ಒಂದೇ ಸಂಕೇತ ಇದ್ದರೆ ಅವರೆಲ್ಲ ಒಬ್ಬನೇ ಮನುಷ್ಯ ಎಂದು ಅರ್ಥ. ಸಂಕೇತ ಯಾರದು ಎಂದು ತಿಳಿಸುವ ಪಟ್ಟಿ ನನ್ನ ಬೀರುವಿನಲ್ಲಿ ಮಾತ್ರ ಇತ್ತು, ಬೀಗದ ಕೈ ನನ್ನ ಸೊಂಟದಲ್ಲಿ. ಮನೆಯವರು ಒಪ್ಪಿದರೆ ತೀರಿಕೊಂಡವರ ಮನೆಗೆ ಹೋಗಿ ಕೂತು ಮಾತಾಡಿಸಿಕೊಂಡು ಬರುವುದೂ ನನ್ನ ಪಾಲಿಗೇ ಬಂತು. ನಾಲ್ಕು ತಾಲ್ಲೂಕಿನಲ್ಲಿ ನನಗೆ ಗೊತ್ತಿಲ್ಲದ ಬಸ್ಸಿಲ್ಲ.

ಅಧ್ಯಯನದ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದು ಊರಿಗೆ ಬಂದ ಸೈನಿಕರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ಐದು ಪ್ರಶ್ನೆ ಕೇಳುವುದು. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಕೂತು ಮಾತಾಡುವುದಕ್ಕೆ ಯಾರಾದರೂ ಇದ್ದಾರಾ? ಬದುಕು ಬೇಡ ಅನ್ನಿಸಿದ್ದುಂಟಾ? ಇದು ನಸ್ರೀನಳ ಕೆಲಸ. ಮೊದಮೊದಲು ಐದನೆಯ ಪ್ರಶ್ನೆ ಬಂದಾಗ ಅವಳ ನಾಲಿಗೆ ತೊದಲುತ್ತಿತ್ತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೇನೋ ಎಂದು ಭಯ. ಹಾಗೇನೂ ಆಗುವುದಿಲ್ಲ, ಕೇಳಿದರೆ ಅವರ ಎದೆಯ ಭಾರವೇ ಇಳಿಯುತ್ತದೆ, ನೇರವಾಗಿ ಕೇಳು ಎಂದು ಸಾಹೇಬರು ಅವಳನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿದರು.

ಒಂದು ಸಲ ನಸ್ರೀನ್ ಹೀಗೆ ಫೋನ್ ಮಾಡಿದ ಮನೆಯಲ್ಲಿ ಆ ಮನುಷ್ಯ ತೀರಿಕೊಂಡು ಹತ್ತು ದಿನವಾಗಿತ್ತು. ನಮಗೆ ಸುದ್ದಿ ಬಂದಿರಲಿಲ್ಲ. ‘ನಿಮ್ಮವರಿಗೆ ನಿದ್ದೆ ಬರುತ್ತಾ’ ಎಂದು ಇವಳು ಕೇಳಿದಳು. ಆ ತಾಯಿ ಫೋನಿನಲ್ಲೇ ಎದೆ ಒಡೆದು ಅತ್ತರು. ಇವಳು ಇಲ್ಲಿ ಅತ್ತಳು. ಅದನ್ನು ನೋಡಲಾರದೆ ನಾನೇ ಸಾಹೇಬರಿಗೆ ಒಂದು ಉಪಾಯ ಹೇಳಿದೆ. ಮರಣದ ಪಟ್ಟಿಯಲ್ಲಿ ಇರುವ ಸಂಕೇತಗಳನ್ನು ಫೋನಿನ ಪಟ್ಟಿಯಿಂದ ಕಂಪ್ಯೂಟರೇ ತೆಗೆದುಹಾಕಲಿ, ಇಂಥ ಅನಾಹುತ ಮತ್ತೆ ಆಗುವುದಿಲ್ಲ. ಭೇಷ್ ಎಂದರು. ನಾನೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದಾಗಿ ಆರೇಳು ತಿಂಗಳಿಗೆ ಸಿದ್ದರಾಜು ಎಂಬ ಸೈನಿಕನ ಮನೆಗೆ ಹೋಗುವ ಸರದಿ ಬಂತು. ಅಕ್ಕೂರಿನ ಕಡೆಯ ಒಂದು ಹಳ್ಳಿ. ಚಿಕಿತ್ಸೆ ಪಡೆದಿದ್ದ, ಸೈನ್ಯ ಬಿಟ್ಟು ಊರಿಗೆ ಬಂದಿದ್ದ, ತೀರಿಕೊಂಡ ಎಂದು ದಾಖಲೆ ಹೇಳುತ್ತಿತ್ತು. ಹೆಂಡತಿಯ ಹೆಸರಿಗೆ ಕಾಗದ ಬರೆದಿದ್ದೆವು: ‘ನಿಮ್ಮ ಪತಿಯ ಅಗಲಿಕೆಗೆ ನಮ್ಮ ಸಂತಾಪಗಳು. ನೀವು ಒಪ್ಪಿದಲ್ಲಿ ನಮ್ಮ ಪ್ರತಿನಿಧಿ ನಿಮ್ಮನ್ನು ಭೇಟಿಯಾಗುವರು.’ ಒಪ್ಪಿಗೆ ಪತ್ರ ಸಹಿಯಾಗಿ ವಾಪಸ್ಸು ಬಂದಿತ್ತು.

ಬಸ್ಸಿಳಿದು ನಡೆದೆ. ಸಾವಿನ ಮನೆಗೆ ಹೋಗುವ ಮುಖ ಹೊತ್ತುಕೊಂಡೇ ಹೋದೆ. ಜಗಲಿಯ ಮೇಲೆ ಮೂವತ್ತರ ಆಸುಪಾಸಿನ ಹೆಂಗಸು ಕೂತು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒರೆಸುತ್ತಿದ್ದಳು. ಹೆಸರು ಜಯಮ್ಮ. ಹಣೆಯಲ್ಲಿ ಕಾಸಗಲ ಕುಂಕುಮ, ತಲೆಯಲ್ಲಿ ಕನಕಾಂಬರ, ಕೊರಳಲ್ಲಿ ತಾಳಿ. ನನ್ನ ಮನಸ್ಸಿಗೆ ಎಷ್ಟು ಸಂತೋಷವಾಯಿತು ಎಂದರೆ, ಪರವಾಗಿಲ್ಲ, ನಮ್ಮ ಹಳ್ಳಿಗಳೂ ಮುಂದುವರಿದವು ಎಂದುಕೊಂಡೆ.

‘ಸಿದ್ದರಾಜು ಅವರ ಮನೆ ಇದೇ ಅಲ್ವಾ?’

‘ಹೂಂ, ಇದೇಯ. ಬನ್ನಿ ಕೂತ್ಕಳಿ.’

ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ‘ಧೈರ್ಯ ತಂದ್ಕೋಬೇಕವ್ವ. ಹೋಗಿದ್ದಕ್ಕೆ ಅತ್ತು ಏನು ಮಾಡೋದು.’

‘ಹೂಂ ಕಣವ್ವ. ಮೂರ್ನೇ ಜ್ವರ ಎದ್ದು ಚೆನ್ನಾಗೇ ಇದ್ದೊ. ಒಂದೇ ರಾತ್ರಿಲಿ ಹೊಂಟೋದೊ’ ಎಂದಳು ಅವಳು. ನನ್ನನ್ನು ರೇಷ್ಮೆ ಇಲಾಖೆಯವಳು ಎಂದುಕೊಂಡು ಅವಳು ಹೇಳುತ್ತಿದ್ದುದು ಸತ್ತ ಹುಳಗಳ ಮಾತು. ನಮ್ಮ ಕಡೆ ರೇಷ್ಮೆಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಕೂಟಗಲ್ಲಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಬೇಡವೇ? ಅಂದು ತಲೆಯ ತುಂಬ ಸಾವೇ ತುಂಬಿಕೊಂಡಿತ್ತು. ಪಾಪ, ಗಂಡನಿಗೆ ಗೌರವ ಕೊಟ್ಟು ಮಾತಾಡುತ್ತಿದ್ದಾಳೆ, ಮೂರು ಸಲ ಜ್ವರ ಬಂದಿತ್ತು ಎಂದು ಪುಸ್ತಕದಲ್ಲಿ ಬರೆದುಕೊಂಡೆ!

‘ಮುಂದೆ ಹೇಗೆ ಅಂದ್ಕೊಂಡಿದ್ದೀಯವ್ವ?’

‘ಮುಂದೇನು? ಹೋಗಿದ್ದೋಯ್ತು ಅಂತ ಮನೆ ತೊಳ್ದು, ಸುಣ್ಣ ಬಳ್ದು, ಬೇರೆ ತಂದ್ಕಂಡಿದೀವಿ. ಈಗಿರೋವು ಗಟ್ಟಿಯಾಗವೆ.’

ಇಷ್ಟು ಬೇಗನೇ ಇನ್ನೊಬ್ಬನನ್ನು! ಆದರೆ ನಾನು ತಿಳಿವಳಿಕಸ್ಥೆಯಲ್ಲವೇ, ಸಾವರಿಸಿಕೊಂಡು ಅವಳ ಬೆನ್ನು ಸವರಿದೆ. ‘ಒಳ್ಳೇದೇ ಆಯ್ತು ಬಿಡು ತಾಯಿ. ಗಂಡ ಸತ್ತ ಅಂತ ಕುಂಕುಮ ಅಳಿಸ್ಕೊಂಡು ಮೂಲೇಲಿ ಕೂರೋ ಕಾಲ ಹೋಯ್ತು.’

ಜಯಮ್ಮ ಕೈಯಲ್ಲಿದ್ದ ಚಂದ್ರಿಕೆ ಎಸೆದು ಎದ್ದು ನಿಂತಳು.

‘ಏನಂದೆ? ನಿನ್ನ ಬಾಯ್ಗೆ ಹುಳ ಬೀಳ! ಯಾರಮ್ಮೀ ನೀನು, ಹಗಲೊತ್ನಲ್ಲಿ ಮನೆ ಬಾಗ್ಲಿಗೆ ಬಂದು ನನ್ ತಾಳಿ ಕೀಳೋಳು? ಎದ್ದೇಳು ಮೇಲಕ್ಕೆ!’

ಪೊರಕೆ ಎಲ್ಲಿದೆ ಎಂದು ಅವಳು ಹುಡುಕುತ್ತಿರುವಾಗ, ಪಕ್ಕದ ಹುಳದ ಮನೆಯಿಂದ ಒಬ್ಬ ಎತ್ತರದ ಮನುಷ್ಯ ಸೊಪ್ಪಿನ ಕಂತೆ ಹೊತ್ತುಕೊಂಡು ಹೊರಗೆ ಬಂದ. ಕಂತೆ ಕೆಳಗಿಟ್ಟ. ನೆಟ್ಟಗೆ ನಿಂತ, ಪೆರೇಡಿನಲ್ಲಿ ನಿಂತ ಹಾಗೆ.

‘ಬುಡು ಜಯಾ, ಅವ್ರದ್ದೇನೂ ತಪ್ಪಿಲ್ಲ. ಮೇಡಮ್, ಬಂದ್ರಾ? ಸತ್ತೋನು ನಾನೇ.’

ಅವನು ನನ್ನ ಮುಖ ನೋಡಿದ, ಹೆಂಡತಿಯ ಕೈಯಲ್ಲಿದ್ದ ಪೊರಕೆ ನೋಡಿದ. ಅವನ ಬಾಯಿಯ ಮೂಲೆ ಅಲುಗಿತು. ಆಮೇಲೆ ನಗತೊಡಗಿದ. ನಿಲ್ಲಿಸಲಾಗದೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದು ನಕ್ಕ. ನನಗೂ ತಡೆಯಲಾಗಲಿಲ್ಲ. ಪೊರಕೆ ಹಿಡಿದಿದ್ದ ಜಯಮ್ಮ ಮಾತ್ರ ನಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ, ‘ನೋಡವ್ವ, ನಗ್ತಾ ಅವ್ನೆ’ ಎಂದು ನನಗೆ ಹೇಳಿ ಗಳಗಳ ಅತ್ತುಬಿಟ್ಟಳು. ಸಂಕ್ರಾಂತಿಯಿಂದ ಈಚೆಗೆ ಆ ಮನುಷ್ಯ ನಕ್ಕೇ ಇರಲಿಲ್ಲವಂತೆ.

ಆಮೇಲೆ ಸಿದ್ದರಾಜು ಮಾತಾಡಿದ. ಅಂಚೆಯವನು ಕಾಗದವನ್ನು ಅವನ ಕೈಗೇ ಕೊಟ್ಟಿದ್ದ. ಹೆಂಡತಿಗೆ ತೋರಿಸದೆ ಅವಳ ಸಹಿಯನ್ನು ತಾನೇ ಹಾಕಿ ಕಳಿಸಿದ್ದ.

‘ಯಾಕಪ್ಪ ಹಂಗೆ ಮಾಡಿದೆ?’ ಎಂದೆ.

‘ಊರಿಗೆ ಬಂದಾಗ ತಿಂಗ್ಳಿಗೊಂದ್ಸಲ ಫೋನ್ ಬರೋದು ಮೇಡಮ್. ಒಂದು ಹೆಣ್ಮಗು, ಅಣ್ಣಾ ಅನ್ನೋದು. ಆಮೇಲೆ ನಿಂತೋಯ್ತು. ಒಂದು ತಿಂಗ್ಳು ನೋಡ್ದೆ, ಎರಡು ತಿಂಗ್ಳು ನೋಡ್ದೆ. ಬೇಡಾದೋನು ಅಂತ ಬುಟ್ಟವ್ರೆ ಅನ್ಕಂಡೆ. ಮಾತ್ರೇನೂ ಬುಟ್ಟೆ. ಅಷ್ಟೊತ್ಗೆ ನಿಮ್ ಕಾಗ್ದ ಬಂತು, ನಾನು ಸತ್ತೋಗಿವ್ನಿ ಅಂತ. ಓಹೋ, ಇದಕ್ಕೇಯ ಫೋನ್ ಬಂದಿಲ್ಲ ಅನ್ನಿಸ್ತು. ಬದ್ಕಿದ್ದಾಗ ಬರ್ದೇ ಇದ್ದೋರು ಸತ್ಮೇಲಾದ್ರೂ ಮನೆಗಂಟ ಬತ್ತಾರಂತಲ್ಲ, ಬರ್ಲಿ, ಯಾರು ಅಂತ ಮಖ ನೋಡಾನ ಅಂತ ಸೈನ್ ಹಾಕ್ದೆ.’

ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಆ ಫೋನು ನಿಲ್ಲಿಸಿದವಳು ನಾನು. ನನ್ನದೇ ಉಪಾಯ. ಆದರೆ ಅಷ್ಟು ವರ್ಷ ಕೇಳಿಸಿಕೊಂಡ ಪಾಠ ಕೈಬಿಡಲಿಲ್ಲ. ಅವನ ಕಣ್ಣಿಗೆ ಕಣ್ಣು ಕೊಟ್ಟು ನೇರವಾಗಿ ಕೇಳಿದೆ, ‘ಬದುಕು ಬೇಡ ಅನ್ನಿಸಿತ್ತಾ ಸಿದ್ದರಾಜು?’

ಅವನು ಹೆಂಡತಿಯ ಕಡೆ ನೋಡಲಿಲ್ಲ. ನೆಲ ನೋಡುತ್ತಾ, ‘ಅನ್ನಿಸ್ತಾ ಐತೆ ಮೇಡಮ್. ಇವತ್ತು ಬೆಳಗ್ಗೇನೂವೆ’ ಎಂದ.

ಜಯಮ್ಮ ಪೊರಕೆ ಬಿಟ್ಟು ಅವನ ಪಕ್ಕ ಬಂದು ಕೂತಳು. ಸೋಮಾರಿತನ ಎಂದು ಅಷ್ಟು ದಿನ ಬೈಯುತ್ತಿದ್ದಳಂತೆ. ಈಗ ಅವನ ತೋಳು ಹಿಡಿದುಕೊಂಡಳು. ನಾನು ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿ ಕೊಟ್ಟೆ. ಅವರು ಅವನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನನಗೆ, ‘ಅವನ್ನ ಒಬ್ಬನ್ನ ಬಿಡಬ್ಯಾಡ್ರಿ, ನಾ ಹೊಂಟೆ’ ಎಂದರು. ಮಧ್ಯಾಹ್ನ ಮೂರಕ್ಕೆ ಜೀಪು ಬಂತು, ಜೊತೆಗೆ ನಸ್ರೀನೂ. ಅದೇ ದಿನ ಗಂಡ ಹೆಂಡತಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಮತ್ತೆ ಶುರು ಮಾಡಿಸಿದರು. ಹುಳಕ್ಕೆ ಸೊಪ್ಪು ಹಾಕುವವರಿಲ್ಲ ಎಂದು ಜಯಮ್ಮ ಒದ್ದಾಡಿದಾಗ, ಅಕ್ಕಪಕ್ಕದವರು ಬಂದು ಹುಳದ ತಟ್ಟೆಗಳನ್ನು ಹಂಚಿಕೊಂಡರು. ಜೀಪು ಹತ್ತುವ ಮುಂಚೆ ಸಿದ್ದರಾಜು ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದ.

‘ಹಂಗಾದ್ರೆ ಸತ್ತೋನು ಯಾರು ಮೇಡಮ್? ಅವ್ನ ಮನೆಗೆ ಯಾರೂ ಹೋಗಿಲ್ವಲ್ಲ?’

ಮರುದಿನ ಕಚೇರಿಯಲ್ಲಿ ಕಡತ ಬಿಚ್ಚಿದೆವು. ಮಾಗಡಿ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿದ್ದರಾಜು. ಇವನ ತಂದೆಯೂ ಕೆಂಪಯ್ಯ, ಅವನ ತಂದೆಯೂ ಕೆಂಪಯ್ಯ. ಜಿಲ್ಲೆ ಒಂದೇ, ಹುಟ್ಟಿದ ವರ್ಷ ಒಂದೇ. ತಾರೀಕು? ಕೇಳಬೇಕೇ! ಇಬ್ಬರು ಮೇಷ್ಟ್ರು ಎರಡು ಶಾಲೆಯಲ್ಲಿ ಕೂತು ಒಂದೇ ಜೂನ್ ಒಂದನ್ನು ಬರೆದಿದ್ದರು. ಕಂಪ್ಯೂಟರ್ ಇಬ್ಬರನ್ನೂ ಒಬ್ಬನೇ ಮಾಡಿ, ಒಬ್ಬನ ಸಾವನ್ನು ಇನ್ನೊಬ್ಬನ ತಲೆಗೆ ಕಟ್ಟಿತ್ತು. ದೂರದ ಊರಿನ ತಜ್ಞರಿಗೆ ಇದು ತಿಳಿಯದೇ ಹೋಗಿದ್ದರೆ ಕ್ಷಮಿಸಬಹುದು. ನಾನೇ ಜೂನ್ ಒಂದರವಳು! ಪ್ರತಿ ವರ್ಷ ಆ ದಿನ ಕಚೇರಿಯಲ್ಲಿ ನಾಲ್ಕು ಜನಕ್ಕೆ ಒಂದೇ ಕೇಕು ಕತ್ತರಿಸುವಾಗಲಾದರೂ ನನಗೆ ಹೊಳೆಯಬಾರದಿತ್ತೇ?

ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಬರೆದುಕೊಟ್ಟೆ. ಸಾಹೇಬರು ಅದನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ‘ನೀವು ಹೋದ್ರ ಜೂನ್ ಒಂದು ಅಂದ್ರೇನು ಅಂತ ನಮಗ ಹೇಳವ್ರು ಯಾರ್ರಿ? ಕುಂದರ್ರಿ, ಸರಿ ಮಾಡೂಣು.’ ಆಗಲೇ ಮೇಲಿನವರಿಗೆ ಕಳಿಸಿದ್ದ ವರದಿಯನ್ನು ವಾಪಸ್ಸು ತರಿಸಿಕೊಂಡರು. ದೊಡ್ಡ ಸಭೆಯಲ್ಲಿ ಎದ್ದು ನಿಂತು, ತಪ್ಪಾಗಿದೆ, ಮತ್ತೆ ಮೊದಲಿಂದ ಕೂಡಿಸುತ್ತೇವೆ ಎಂದು ಹೇಳಿದರು. ಎಷ್ಟೋ ಮೇಲಧಿಕಾರಿಗಳನ್ನು ನೋಡಿದ್ದೇನೆ. ತನ್ನ ಕೈಕೆಳಗಿನವಳ ತಪ್ಪನ್ನು ‘ನನ್ನದು’ ಎಂದು ಹೇಳಿದವರು ಇವರೊಬ್ಬರೇ.

ಆದರೆ ಸಿದ್ದರಾಜುವನ್ನು ಬದುಕಿಸಲು ಕಂಪ್ಯೂಟರ್ ಒಪ್ಪಲಿಲ್ಲ. ಇರುವವನನ್ನು ಸತ್ತ ಎಂದು ಬರೆಯಲು ಅದರಲ್ಲಿ ಅವಕಾಶವಿತ್ತು, ಸತ್ತವನನ್ನು ಇದ್ದಾನೆ ಎನ್ನಲು ಇರಲಿಲ್ಲ. ಅದನ್ನು ಬರೆದ ಇಂಜಿನಿಯರಿಗೆ ಫೋನ್ ಮಾಡಿದರೆ, ಅಂಥ ಸಂದರ್ಭ ಬರುವುದಿಲ್ಲ ಎಂದ. ‘ಬಂದದ ತಮ್ಮಾ! ಸತ್ತಾಂವ ನನ್ನ ಎದುರಿಗೆ ಕುಂತು ಚಹಾ ಕುಡಿಯಾಕತ್ಯಾನ!’ ಎಂದು ಸಾಹೇಬರು ಕೂಗಿದ್ದು ಗೂಡಿನ ಮಾರುಕಟ್ಟೆಗೂ ಕೇಳಿಸಿತು. ಅದು ಸರಿಹೋಗುವವರೆಗೆ ನಸ್ರೀನ್ ಸಿದ್ದರಾಜುವಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತನ್ನ ಫೋನಿಗೆ ಅಂಟಿಸಿಕೊಂಡಿದ್ದಳು. ತಿಂಗಳಿಗೊಮ್ಮೆ ಎಂದಿದ್ದನ್ನು ಮೊದಲಿಗೆ ದಿನಾ, ಆಮೇಲೆ ವಾರಕ್ಕೊಮ್ಮೆ ಮಾಡಿದಳು.

ಇನ್ನೂ ಎಷ್ಟು ಜನ ಹೀಗೆ ಒಬ್ಬರಲ್ಲಿ ಒಬ್ಬರು ಸೇರಿಹೋಗಿದ್ದಾರೋ! ಬೇರ್ಪಡಿಸುವ ದಾರಿ ಹೊಳೆದದ್ದು ಹಳೇ ಕಬ್ಬಿಣದ ಕಪಾಟಿನ ನೆನಪಿನಿಂದ. ಸೈನಿಕನ ಮೂಲ ಕಡತದಲ್ಲಿ ಗುರುತಿನ ಚಿಹ್ನೆ ಎಂಬ ಕಡೆ ಮಚ್ಚೆ, ಗಾಯದ ಗುರುತು ಬರೆದಿರುತ್ತಾರೆ. ಕಂಪ್ಯೂಟರಿಗೆ ತುಂಬುವಾಗ ಅದು ದಂಡ ಎಂದು ಬಿಟ್ಟುಬಿಟ್ಟಿದ್ದೆವು. ಈಗ ನಾನೂ ನಸ್ರೀನೂ ಬೆಂಗಳೂರಿನ ದಾಖಲೆ ಕೋಣೆಗೆ ಹೋಗಿ ಮತ್ತೆ ಏಣಿ ಹತ್ತಿದೆವು. ಒಬ್ಬರು ಓದುವುದು, ಒಬ್ಬರು ತುಂಬುವುದು. ‘ಎಡಗೆನ್ನೆ ಮಚ್ಚೆ.’ ‘ಹೂಂ.’ ‘ಬಲ ಮೊಣಕಾಲಿಗೆ ಕುಡುಗೋಲಿನ ಗಾಯ.’ ‘ಹೂಂ.’ ‘ಮೂಗಿನ ತುದಿಗೆ ಹುಂಜ ಕುಕ್ಕಿದ ಗುರುತು.’ ‘ಅಕ್ಕ, ಸುಳ್ಳು ಹೇಳ್ಬೇಡಿ!’ ಸುಳ್ಳಲ್ಲ, ಹಾಗೇ ಬರೆದಿತ್ತು. ವಾರಗಟ್ಟಲೆ ಧೂಳು ಕುಡಿದೆವು, ಅಷ್ಟೇ ನಕ್ಕೆವು. ಜೂನ್ ಒಂದರವರೆಲ್ಲ ಮಚ್ಚೆಯಿಂದ ಬೇರೆ ಬೇರೆಯಾದರು. ಎಷ್ಟು ಮಂದಿ ಎಂಬುದು ವರದಿಯವರ ಸ್ವತ್ತು, ನಾನು ಹೇಳುವ ಹಾಗಿಲ್ಲ.

ಮಾಗಡಿ ಕಡೆಯ ಆ ಮನೆಗೆ, ಕಾಗದ ಬರೆದು ಸರಿಯಾದ ಒಪ್ಪಿಗೆ ಪಡೆದು, ಹೋದೆ. ತೀರಿಕೊಂಡ ಸಿದ್ದರಾಜುವಿನ ತಾಯಿ ಒಬ್ಬರೇ ಮಾತಿಗೆ ಕೂತರು. ನಾನು ಪ್ರಶ್ನೆಯ ಕಾಗದ ತೆಗೆದೆ. ಆಕೆ ನನ್ನ ಕೈ ಅದುಮಿ ಹೇಳಿದರು, ‘ಬಂದೋರೆಲ್ಲಾ ಅವ್ನು ಹೆಂಗೋದ, ಹೆಂಗೋದ ಅಂತ ಕೇಳ್ತಾರೆ ಕಣವ್ವ. ಹೆಂಗಿದ್ದ ಅಂತ ಒಬ್ರೂ ಕೇಳ್ನಿಲ್ಲ.’

ಕಾಗದ ಮಡಚಿ ಚೀಲಕ್ಕೆ ಹಾಕಿದೆ. ‘ಹೇಗಿದ್ದ, ಹೇಳಿ’ ಎಂದೆ. ಹೇಳಿದರು. ಚಿಕ್ಕವನಿದ್ದಾಗ ಮೇಕೆಗೆ ಸೆಲ್ಯೂಟ್ ಕಲಿಸಲು ಹೋಗಿ ಹಾಯಿಸಿಕೊಂಡಿದ್ದು, ರಜೆಗೆ ಬಂದಾಗಲೆಲ್ಲ ಬೀದಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಿಠಾಯಿ ಹಂಚುತ್ತಿದ್ದುದು, ಅವ್ವನ ಸೀರೆ ಉಟ್ಟು ಅವ್ವನನ್ನೇ ಅಣಕಿಸಿದ್ದು. ಹೇಳುತ್ತಾ ನಕ್ಕರು, ನಗುತ್ತಾ ಕಣ್ಣೊರೆಸಿಕೊಂಡರು, ಮುದ್ದೆ ಬಡಿಸಿ ನಾನು ತಿಂದು ಮುಗಿಸುವವರೆಗೂ ಎದುರಿಗೆ ಕೂತಿದ್ದರು. ಅಂದಿನಿಂದ ನಮ್ಮ ಪ್ರಶ್ನೆಯ ಕಾಗದದ ಮೊದಲ ಸಾಲು ಬದಲಾಯಿತು. ಹೊಸಬರು ಯಾವ ಮನೆಗೆ ಹೋದರೂ ಮೊದಲು ಆ ಮನುಷ್ಯ ಹೇಗೆ ಬದುಕಿದ್ದ ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ಸಿದ್ದರಾಜು ನಿಧಾನವಾಗಿ ಚೇತರಿಸಿಕೊಂಡ. ಏರಿಳಿತ ಇದ್ದೇ ಇತ್ತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮಾತ್ರೆ ನೆನಪಿಸುವ ಕೆಲಸ ಜಯಮ್ಮ ವಹಿಸಿಕೊಂಡಳು, ಅವಳು ನೆನಪಿಸಿದರೆ ಮರೆಯುವ ಧೈರ್ಯ ಯಾರಿಗಿದೆ! ಇದನ್ನು ಬರೆಯುವ ಮುಂಚೆ ಅವನ ಒಪ್ಪಿಗೆ ಕೇಳಿದೆ, ಎಲ್ಲರ ಹೆಸರೂ ಬದಲಾಯಿಸುತ್ತೇನೆ ಎಂದೆ. ‘ಬದ್ಲಾಯಿಸ್ಬೇಡಿ ಮೇಡಮ್, ಮತ್ತೆ ಯಾರನ್ನೋ ಸಾಯಿಸ್ಬುಟ್ಟೀರಿ’ ಅಂದ. ಆದರೂ ಬದಲಾಯಿಸಿದ್ದೇನೆ. ನಿಯಮ ನಿಯಮವೇ.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚಿನ ಒಂದು ಮಾತು ಹೇಳಿ ಮುಗಿಸುತ್ತೇನೆ. ಆ ತಿಂಗಳು ನಸ್ರೀನಳ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ರಾತ್ರಿ ಅಲ್ಲಿ, ಹಗಲು ಇಲ್ಲಿ. ಯಾರಿಗೂ ಹೇಳಿಕೊಳ್ಳುವ ಜಾತಿಯಲ್ಲ ಅವಳು, ನನಗೂ ಹೇಳಿರಲಿಲ್ಲ. ಮಾಡಬೇಕಾದ ಫೋನುಗಳು ಎರಡು ದಿನ ತಡವಾಗಿದ್ದವು. ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಅವಳ ಮೇಜಿನ ಫೋನು ತಾನಾಗಿ ಬಡಿದುಕೊಂಡಿತು. ನಾವು ಮಾಡುವ ಫೋನು ಅದು, ಅದಕ್ಕೆ ಯಾರೂ ಮಾಡುವುದಿಲ್ಲ. ಅವಳು ಗಾಬರಿಯಿಂದ ಎತ್ತಿ ಸ್ಪೀಕರ್ ಒತ್ತಿದಳು.

‘ನಾನು ಕ‍ಣಮ್ಮ, ಸಿದ್ದರಾಜು. ನಿಮ್ ಫೋನು ಸೋಮ್ವಾರ ಬರ್ಬೇಕಾಗಿತ್ತು. ಇವತ್ತು ಬುಧ್ವಾರ. ನಾನೇನೋ ಚೆನ್ನಾಗಿವ್ನಿ. ನೀವು ಹೆಂಗಿದ್ದೀರಿ?’

‘ಚೆನ್ನಾಗಿದ್ದೀನಿ ಅಣ್ಣ. ಸ್ವಲ್ಪ ಕೆಲಸ ಜಾಸ್ತಿ.’

‘ಹಂಗಲ್ಲ. ಸರಿಯಾಗಿ ಹೇಳ್ಬೇಕು. ನಿದ್ದೆ ಬತ್ತಾ ಐತಾ?’

ನಸ್ರೀನ್ ನನ್ನ ಕಡೆ ನೋಡಿದಳು. ನಾನು ಕೈಯಲ್ಲಿದ್ದ ಕಡತ ಕೆಳಗಿಟ್ಟೆ. ಸಾಹೇಬರು ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತರು.

‘ಇಲ್ಲ ಅಣ್ಣ’ ಎಂದಳು. ‘ನಾಲ್ಕು ದಿನ ಆಯ್ತು.’

‘ಊಟ ಸೇರ್ತಾ ಐತಾ?’

ಅವಳು ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆ ಕಡೆ ಅವನು ಕುರ್ಚಿಯೋ ಮಣೆಯೋ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

‘ಆಯ್ತು ಬುಡಿ, ಆತುರ ಇಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಇನ್ನೂ ಎರಡು ದಿನ ಐತೆ, ಸೊಪ್ಪು ಹಾಕಕ್ಕೆ ಜಯ ಅವ್ಳೆ. ನಾನು ಕೂತ್ಕಂಡಿವ್ನಿ. ಏನಾಯ್ತು ಅಂತ ನಿದಾನಕ್ಕೆ ಹೇಳಮ್ಮ.’